ಊರಿಗೆಲ್ಲ ಬೇಕಾದ ರಸ್ತೆ, ಒಬ್ಬರ ತೆಂಗಿನಮರ

ಓದುಗರ ಪತ್ರ: ನಮ್ಮದು ಅಂಕೋಲಾ ತಾಲೂಕು. ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟು ಇಲ್ಲಿ ಬಂದು ನೆಲೆಸಿದ ಕುಟುಂಬ. ನಮ್ಮ ಕೇರಿಯಿಂದ ಡಾಂಬರು ರಸ್ತೆಗೆ ಹೋಗಲು ಕಾಲುಹಾದಿ ಮಾತ್ರ. ಹೋದ ಮಳೆಗಾಲದಲ್ಲಿ ಹೆರಿಗೆ ನೋವು ಬಂದ ಹೆಂಗಸನ್ನು ಕುರ್ಚಿ ಮೇಲೆ ಕೂರಿಸಿ ಹೊತ್ತುಕೊಂಡು ಹೋದೆವು. ಪಂಚಾಯ್ತಿಯ 13 ಸದಸ್ಯರಲ್ಲಿ 11 ಜನ ರಸ್ತೆ ಆಗಲಿ ಎಂದು ಕೈ ಎತ್ತಿದರು. ಜೆಸಿಬಿಯೂ ಬಂತು. ಆದರೆ ಒಬ್ಬ ಮುದುಕಿ ನಾಲ್ಕು ತೆಂಗಿನಮರಕ್ಕಾಗಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದಾಳೆ. ಇಡೀ ಊರು ಒಂದು ಕಡೆ, ಅವಳೊಬ್ಬಳು ಒಂದು ಕಡೆ. ಹೀಗಾದರೆ ನಾವು ವೋಟು ಹಾಕುವುದು ಯಾಕೆ? ಈ ಸಂವಿಧಾನ ಇರುವುದು ಯಾರಿಗೆ?

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಆ ದಿನವೇ ನಿಮಗೆ ಫೋನ್ ಮಾಡಿದೆ. ಕುರ್ಚಿ ಮೇಲೆ ಹೊತ್ತುಕೊಂಡು ಹೋದ ಸಂಗತಿ ಮನಸ್ಸಿನಿಂದ ಹೋಗಲೇ ಇಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದು ನೀವು ಹೇಳಿದ ಮೇಲೆ ಸಮಾಧಾನವಾಯಿತು. ನಿಮ್ಮ ಕೇರಿಗೆ ರಸ್ತೆ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಹಿಡಿಸಲಿಕ್ಕಿಲ್ಲ. ಸಂವಿಧಾನ ಇರುವುದು ಆ ಅಜ್ಜಿಗೂ. ಹನ್ನೊಂದು ಕೈ ಬೆನ್ನಿಗಿದ್ದವರಿಗಿಂತ ಜಾಸ್ತಿ, ಯಾರೂ ಇಲ್ಲದವರಿಗೆ ಅದು ಬೇಕು.

ನೀವು ಪ್ರಾಮಾಣಿಕವಾಗಿ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಪಹಣಿ ಅಜ್ಜಿಯ ಹೆಸರಿನಲ್ಲಿದೆ. ಅವರಿಗೆ ನೋಟಿಸ್ ಕೊಟ್ಟಿರಲಿಲ್ಲ. ಮೋಜಣಿ, ಅಂದರೆ ಜಾಗದ ಅಳತೆ, ಆಗಿರಲಿಲ್ಲ. ಒಂದು ಬೆಳಿಗ್ಗೆ ಅವರು ಒಲೆ ಹಚ್ಚುವ ಹೊತ್ತಿಗೆ ದಣಪೆ (ಬೇಲಿಯ ಬಾಗಿಲು) ಮುರಿದು ಜೆಸಿಬಿ ಒಳಗೆ ಬಂದಿತ್ತು. ಹೊರಗೆ ಓಡಿ ಬರುವಷ್ಟರಲ್ಲಿ ಎರಡು ಮರ ಬಿದ್ದಿತ್ತು. ದೂರು ಹೇಳಲು ಪಂಚಾಯ್ತಿಗೆ ಹೋದರೆ, ‘ಠರಾವು (ನಿರ್ಣಯ) ಆಗಿಹೋಗಿದೆ, ಇನ್ನೇನೂ ಮಾಡಲಿಕ್ಕೆ ಬರುವುದಿಲ್ಲ’ ಎಂದು ಕಳಿಸಿದರು.

ಸ್ವಲ್ಪ ಇಲ್ಲೇ ನಿಲ್ಲೋಣ. ಠರಾವು ಮಾಡಿದವರು ಯಾರು? ಪಂಚಾಯ್ತಿಯವರು. ಜೆಸಿಬಿ ಕಳಿಸಿದವರು? ಅವರೇ. ಮಾಡಿದ್ದು ಸರಿ ಎಂದು ತೀರ್ಮಾನ ಕೊಟ್ಟವರು? ಅವರೇ. ನಿಯಮ ಮಾಡುವುದು, ಜಾರಿ ಮಾಡುವುದು, ತಕರಾರು ಬಂದರೆ ತೀರ್ಪು ಹೇಳುವುದು – ಈ ಮೂರೂ ಒಂದೇ ಕೈಗೆ ಹೋದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದರು. ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಕಡೆ ಕರನಿರಾಕರಣೆ ನಡೆಯಿತು. ಕಂದಾಯ ಕೊಡುವುದಿಲ್ಲ ಎಂದ ರೈತರ ಜಮೀನು ಜಪ್ತಿಯಾಯಿತು. ಆಗ ಕಂದಾಯ ವಸೂಲಿಯ ಮುಖ್ಯಸ್ಥ ಕಲೆಕ್ಟರ್. ಜಿಲ್ಲಾ ಮ್ಯಾಜಿಸ್ಟ್ರೇಟ್ ಕೂಡ ಅವರೇ. ಜಪ್ತಿ ಮಾಡಿಸಿದವರ ಮೇಲೆ ಯಾರ ಹತ್ತಿರ ದೂರು ಕೊಡಬೇಕಿತ್ತು? ಅದಕ್ಕೇ ಸಂವಿಧಾನದ 50ನೇ ವಿಧಿ, ಆಡಳಿತದಿಂದ ನ್ಯಾಯಾಂಗವನ್ನು ಬೇರೆ ಮಾಡಬೇಕು ಎಂದಿತು. ಅದು ಆಗಲು ಎಷ್ಟು ಕಾಲ ಹಿಡಿಯಿತು ನೋಡಿ. ಕ್ರಿಮಿನಲ್ ಕೇಸು ವಿಚಾರಣೆ ಮಾಡುವ ಮ್ಯಾಜಿಸ್ಟ್ರೇಟರನ್ನು ಆಡಳಿತದಿಂದ ಪೂರ್ತಿ ಬೇರೆ ಮಾಡಿದ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದದ್ದು 1974ರ ಏಪ್ರಿಲ್ 1ಕ್ಕೆ. ಹಾಗೆ ಬೇರೆಯಾದ ನ್ಯಾಯಾಂಗದ ಬಾಗಿಲನ್ನೇ ಆ ಅಜ್ಜಿ ತಟ್ಟಿದ್ದಾರೆ.

‘ಬ್ರಿಟಿಷರು ನಾವು ಆರಿಸಿದವರಲ್ಲ, ಪಂಚಾಯ್ತಿಯವರು ನಾವು ಆರಿಸಿದವರು. ಎರಡೂ ಒಂದೇನಾ?’ ಎಂದು ನೀವು ಕೇಳಬಹುದು. ಖಂಡಿತ ಒಂದಲ್ಲ. ಆದರೆ ಬಹುಮತ ಬಂದವರೂ ಗೆರೆ ದಾಟುತ್ತಾರೆ. ಸಂವಿಧಾನ ಬರೆದವರಿಗೆ ಇದು ಗೊತ್ತಿತ್ತು. ಹಾಗಾಗಿ ಆರಿಸಿ ಬಂದವರ ಮೇಲೂ ಅಂಕೆ ಇಟ್ಟರು.

ಈಗ ನಿಮ್ಮ ಪತ್ರದ ಎರಡನೇ ವಾಕ್ಯಕ್ಕೆ ಬರುತ್ತೇನೆ. ನಿಮ್ಮದು ಸೀಬರ್ಡ್ ಕುಟುಂಬ. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ಅಡಿಗಲ್ಲು ಹಾಕಿದರು. ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಮನೆಗಳು ಏಳಬೇಕಾಯಿತು. ಆಗ ಇಡೀ ದೇಶ ಒಂದು ಕಡೆ, ನಿಮ್ಮ ಹಿರಿಯರು ಒಂದು ಕಡೆ. ದೇಶಕ್ಕೆ ನೌಕಾನೆಲೆ ಬೇಡ ಎಂದು ಅವರು ಹೇಳಲಿಲ್ಲ. ನಮ್ಮ ಜಾಗಕ್ಕೆ ಸರಿಯಾದ ಬೆಲೆ ಕೊಡಿ, ಮುಂದೆ ಎಲ್ಲಿ ಬದುಕಬೇಕು ಹೇಳಿ ಎಂದರು. ಕೊಟ್ಟ ಪರಿಹಾರ ಸಾಲದೆಂದು ಕೋರ್ಟಿಗೆ ಹೋದರು. ವರ್ಷಗಟ್ಟಲೆ ಅಲೆದರು. ಫೈಲು ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಿದ್ದ ಹಿರಿಯರನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಪ್ಲಾಸ್ಟಿಕ್ ಚೀಲದೊಳಗೆ ಪಹಣಿ, ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್. ಅವರಿಗೆ ಯಾರಾದರೂ ‘ದೇಶದ ಬಹುಮತ ತೀರ್ಮಾನ ಮಾಡಿಯಾಗಿದೆ, ಕೋರ್ಟಿಗೆ ಯಾಕೆ ಹೋಗ್ತೀರಿ’ ಎಂದಿದ್ದರೆ ನಿಮಗೆ ಹೇಗನಿಸುತ್ತಿತ್ತು? ನಿಮ್ಮ ಅಜ್ಜ ಹಿಡಿದಿದ್ದ ಚೀಲವೇ ಈಗ ಆ ಅಜ್ಜಿಯ ಕೈಯಲ್ಲಿದೆ.

ಆಸ್ತಿ ಈಗ ಮೂಲಭೂತ ಹಕ್ಕಲ್ಲ ಎಂದು ನಿಮಗೆ ಯಾರೋ ಹೇಳಿದ್ದಾರಂತೆ. ಅದು ನಿಜ. 1978ರ 44ನೇ ತಿದ್ದುಪಡಿಯಲ್ಲಿ ಅದನ್ನು ಆ ಪಟ್ಟಿಯಿಂದ ತೆಗೆದರು. ಆದರೆ ಅದೇ ತಿದ್ದುಪಡಿ 300ಎ ವಿಧಿಯನ್ನು ತಂದಿತು. ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುತ್ತದೆ ಅದು. ಸರಕಾರ ಜಾಗ ತೆಗೆದುಕೊಳ್ಳಬಹುದು, ಆದರೆ ಅದಕ್ಕೊಂದು ದಾರಿ ಇದೆ. ಹನ್ನೊಂದು ಕೈ ಎತ್ತಿದ ಮಾತ್ರಕ್ಕೆ ಖಾಸಗಿ ಜಾಗ ಪಂಚಾಯ್ತಿಯದಾಗುವುದಿಲ್ಲ.

‘ಹಾಗಾದರೆ ಜಾಗ ಇದ್ದವರನ್ನು ಮುಟ್ಟುವ ಹಾಗೇ ಇಲ್ಲವಾ?’ ಇಲ್ಲ, ಹಾಗಲ್ಲ. ನಮ್ಮ ಜಿಲ್ಲೆಯನ್ನೇ ನೋಡಿ. ಇಲ್ಲಿಯ ಗೇಣಿದಾರರು ಪಟ್ಟ ಪಾಡು ಹೇಳಿ ಮುಗಿಯುವಂಥದ್ದಲ್ಲ. ಅವರ ಪರವಾಗಿ ನಿಂತದ್ದಕ್ಕೆ ದಿನಕರ ದೇಸಾಯಿಯವರನ್ನು ಬ್ರಿಟಿಷ್ ಸರಕಾರ ಈ ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಮುಂದೆ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಬಂತು. ಈ ಜಮೀನು ಉಳುವವರು ನಾವು ಎಂದು ಗೇಣಿದಾರರು ಡಿಕ್ಲರೇಶನ್ ಹಾಕಿದರು. ಭೂ ನ್ಯಾಯಮಂಡಳಿ ಕೂತಿತು. ಒಡೆಯರಿಗೂ ನೋಟಿಸ್ ಹೋಯಿತು, ಅವರ ಮಾತನ್ನೂ ಕೇಳಿದರು. ಆಮೇಲೆ ಉಳುವವರ ಹೆಸರು ಪಹಣಿಗೆ ಹತ್ತಿತು. ನಾಲ್ಕು ತೆಂಗಿನಮರದ ಲೆಕ್ಕ ಅಲ್ಲ ಅದು. ಊರೂರ ಜಮೀನು ಕೈ ಬದಲಾಯಿತು. ಅಷ್ಟು ದೊಡ್ಡ ಕೆಲಸವನ್ನೇ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ ಮುಗಿಸಬಹುದಾದರೆ, ಒಂದು ರಸ್ತೆಗೆ ಯಾಕಾಗುವುದಿಲ್ಲ?

ಭೂಸುಧಾರಣೆಯ ಮಾತು ಬಂತು, ಎಡನೀರು ಮಠದ ಕೇಸು ನೆನಪಾಗುತ್ತದೆ. ಕಾಸರಗೋಡು ಹತ್ತಿರದ ಮಠ ಅದು, ನಮ್ಮ ಕನ್ನಡದ ಮಠ. ಕೇರಳದ ಭೂಸುಧಾರಣೆಯಲ್ಲಿ ಜಮೀನು ಹೋಗುತ್ತದೆ ಎಂದು ಕೇಶವಾನಂದ ಭಾರತಿ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. 13 ಜನ ನ್ಯಾಯಾಧೀಶರು ಕೂತು 1973ರ ಏಪ್ರಿಲ್ 24ಕ್ಕೆ ತೀರ್ಪು ಕೊಟ್ಟರು. ಸ್ವಾಮಿಗಳ ಜಮೀನಿಗೆ ಅದರಿಂದ ರಕ್ಷಣೆ ಸಿಗಲಿಲ್ಲ. ಆದರೆ ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ ನಿಂತ ಆ ತೀರ್ಪಿನಿಂದ ದೇಶಕ್ಕೆ ಒಂದು ದೊಡ್ಡ ಮಾತು ಸಿಕ್ಕಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಮಾತ್ರ ಕೆಡಿಸುವಂತಿಲ್ಲ. ಸಂಸತ್ತಿನಲ್ಲಿ ಎಷ್ಟೇ ದೊಡ್ಡ ಬಹುಮತ ಇದ್ದರೂ ಈ ಗೆರೆ ಗೆರೆಯೇ. ಸರಿಯಾಗಿ ಇಪ್ಪತ್ತು ವರ್ಷ ಬಿಟ್ಟು, 1993ರ ಅದೇ ಏಪ್ರಿಲ್ 24ಕ್ಕೆ, ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂತು. ತಾರೀಕು ಹೀಗೆ ಕೂಡಿ ಬಂದದ್ದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಬಹುಮತ ಇದೆ ಎಂದು ಬಾಯಲ್ಲಿ ಹೇಳಿದರೆ ಅದೂ ಸಾಲದು. ನಮ್ಮ ಸಿದ್ದಾಪುರದ ರಾಮಕೃಷ್ಣ ಹೆಗಡೆಯವರ ನಂತರ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂದು ರಾಜ್ಯಪಾಲರ ಕೈಗೆ ಪತ್ರ ಹೋಯಿತು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಎಂದರು ಬೊಮ್ಮಾಯಿಯವರು. ಸದನ ಕರೆಯಲಿಲ್ಲ, ಸರಕಾರವನ್ನು ವಜಾ ಮಾಡಿದರು. ಐದು ವರ್ಷದ ಮೇಲೆ, 1994ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬಹುಮತ ಅಳೆಯಬೇಕಾದ ಜಾಗ ಸದನವೇ. ತೀರ್ಪು ಬರುವಾಗ ಬೊಮ್ಮಾಯಿಯವರಿಗೆ ಆ ಕುರ್ಚಿ ವಾಪಸ್ ಸಿಗುವ ಕಾಲ ದಾಟಿಹೋಗಿತ್ತು. ಅದರ ಉಪಯೋಗ ಆದದ್ದು ಮುಂದೆ ಬಂದ ಸರಕಾರಗಳಿಗೆ.

ಕೋರ್ಟಿನಲ್ಲಿ ತಡವಾಗುತ್ತದೆ ಎನ್ನುವ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆ ಸಿಟ್ಟು ನನಗೂ ಇದೆ. ಆದರೆ ತಡೆಯಾಜ್ಞೆ ಅಂದರೆ ತೀರ್ಪಲ್ಲ. ಅಜ್ಜಿ ಗೆದ್ದರು, ಊರು ಸೋತಿತು ಎಂದು ಯಾರೂ ಹೇಳಿಲ್ಲ. ಇಬ್ಬರ ಮಾತೂ ಕೇಳುವವರೆಗೆ ಉಳಿದ ಎರಡು ಮರ ಕಡಿಯಬೇಡಿ ಎಂದಿದ್ದಾರೆ, ಅಷ್ಟೇ. ಕಡಿದ ಮರವನ್ನು ಆಮೇಲೆ ನಿಲ್ಲಿಸಲಿಕ್ಕೆ ಬರುತ್ತದಾ?

ಕೆಲವು ವರ್ಷಗಳ ಹಿಂದೆ ಘಟ್ಟದ ಮೇಲಿನ ಒಂದು ಗ್ರಾಮಸಭೆಗೆ ಹೋಗಿದ್ದೆ. ಶಾಲೆಯ ಜಗಲಿಯಲ್ಲಿ ಸಭೆ. ಗಂಡಸರು ಮುಂದೆ ಬೆಂಚಿನ ಮೇಲೆ, ಹೆಂಗಸರು ಹಿಂದೆ ಕಂಬಕ್ಕೆ ಒರಗಿ ಕೂತಿದ್ದರು. ಮೂರು ಠರಾವು ಆಯಿತು. ಸಭೆ ಮುಗಿಯಿತು ಎಂದು ಎಲ್ಲರೂ ಎದ್ದರು. ಪಿಡಿಓ ಮಾತ್ರ ಎದ್ದಿರಲಿಲ್ಲ. ಇನ್ನೂ ಹೊಸಬರು, ಚಿಕ್ಕ ಪ್ರಾಯದ ಹೆಣ್ಣುಮಗಳು. ನಡಾವಳಿ ಪುಸ್ತಕದಲ್ಲಿ ಕೊನೆಯ ಠರಾವಿನ ಕೆಳಗೆ ಅರ್ಧ ಪುಟ ಖಾಲಿ ಉಳಿದಿತ್ತು. ಅವರು ಸ್ಕೇಲು ಇಟ್ಟು ಆ ಖಾಲಿ ಜಾಗದ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಆಮೇಲೆ ಅಧ್ಯಕ್ಷರ ಸಹಿ ಮಾಡಿಸಿದರು. ಯಾಕೆ ಎಂದು ಕೇಳಿದೆ. ‘ಸರ್, ಜಾಗ ಬಿಟ್ಟರೆ ನಾಳೆ ಯಾರಾದರೂ ಇನ್ನೊಂದು ಠರಾವು ಬರೆದು ಸೇರಿಸಬಹುದು. ನಾನೇ ಸೇರಿಸಬಹುದು’ ಎಂದರು. ತಮ್ಮ ಕೈಗೂ ಅವರು ಆ ಗೆರೆ ಎಳೆದುಕೊಂಡಿದ್ದರು. ಅಧಿಕಾರಕ್ಕೆ ಮಿತಿ ಎಂದು ಯಾರಾದರೂ ಅಂದಾಗಲೆಲ್ಲ ನನಗೆ ಆ ಸ್ಕೇಲು ಕಣ್ಣಿಗೆ ಬರುತ್ತದೆ.

ಇನ್ನು ನಿಮ್ಮ ರಸ್ತೆ. ಸುಮ್ನೆ ಕೋರ್ಟಿನ ತಾರೀಕು ಕಾಯುತ್ತ ಕೂರಬೇಡಿ. ಮೊದಲು ಮೋಜಣಿ ಮಾಡಿಸಿ. ಊರ ನಕ್ಷೆಯಲ್ಲಿ ಹಳೆಯ ಕಾಲುದಾರಿ ಗುರುತಾಗಿದೆಯಾ ನೋಡಿ. ಎಷ್ಟೋ ಕಡೆ ಇರುತ್ತದೆ, ಯಾರೂ ನೋಡಿರುವುದಿಲ್ಲ. ರಸ್ತೆಯನ್ನು ಆ ಕಡೆಗೆ ಒಂದಿಷ್ಟು ಸರಿಸಿದರೆ ಮರ ಉಳಿಯುತ್ತದೆಯೇ ಎಂದು ಅಳೆದು ನೋಡಿ. ಉಳಿಯದಿದ್ದರೆ ಅಜ್ಜಿಗೆ ಏನು ಕೊಡುತ್ತೀರಿ ಎಂದು ಬರಹದಲ್ಲಿ ಹೇಳಿ. ಬಿದ್ದ ಎರಡು ಮರಕ್ಕೂ ಸೇರಿಸಿ. ಅವರು ಒಪ್ಪಿದರೆ ಎರಡೂ ಕಡೆಯ ವಕೀಲರು ಕೋರ್ಟಿಗೆ ರಾಜಿಪತ್ರ ಕೊಡಬಹುದು. ಲೋಕ ಅದಾಲತ್‌ನಲ್ಲಿ ಇಂಥವು ಬೇಗ ಮುಗಿಯುತ್ತವೆ.

ಅದಕ್ಕೂ ಮೊದಲು ಒಂದು ಕೆಲಸ ಇದೆ, ಅದಕ್ಕೆ ಯಾವ ಕಾನೂನೂ ಬೇಡ. ಆ ಹೆರಿಗೆಯಾದ ಹೆಣ್ಣುಮಗಳನ್ನೂ ಮಗುವನ್ನೂ ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿ. ದಣಪೆಯ ಹೊರಗೇ ನಿಂತು ಕೂಗಿ, ಅವರು ಬನ್ನಿ ಎಂದ ಮೇಲೆ ಒಳಗೆ ಹೋಗಿ. ಅವರು ಏನು ಹೇಳಿದರು ಎಂದು ನನಗೆ ಬರೆಯಿರಿ. ಅಜ್ಜಿಯ ಮಾತನ್ನೂ ಪತ್ರಿಕೆಯಲ್ಲಿ ಹಾಕುತ್ತೇನೆ.