ಒಂದು ರಾತ್ರಿಯ ಆಟಕ್ಕೆ ಅಮೆರಿಕದಿಂದ ಬಕ್ಸ್‌ಟನ್‌ವರೆಗೆ

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಕೆಲಸದಲ್ಲಿದಾಳೆ, ಸಂಜೆ ಹೊತ್ತು ಒಂದು ಹವ್ಯಾಸಿ ಲೈಟ್ ಒಪೆರಾ (ಹಾಡು ತುಂಬಿದ ನಗೆನಾಟಕ) ತಂಡದಲ್ಲಿ ಹಾಡ್ತಾಳೆ. ಈ ಆಗಸ್ಟಲ್ಲಿ ಇಂಗ್ಲೆಂಡಿನ ಬಕ್ಸ್‌ಟನ್‌ಗೆ ಹೋಗಿ ಗಿಲ್ಬರ್ಟ್-ಸಲಿವನ್ ಉತ್ಸವದಲ್ಲಿ ‘ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್’ ಆಡ್ತಾರಂತೆ. ಒಂದೇ ರಾತ್ರಿ ಆಟ, ವಿಮಾನದ ಖರ್ಚು ಅವರವರದ್ದೇ, ಇವಳು ಬರೀ ಕೋರಸ್ಸು, ಅಂದ್ರೆ ಗುಂಪಲ್ಲಿ ಹಾಡೋಳು. ಇಷ್ಟಕ್ಕೆ ಅಷ್ಟು ದೂರ ಹೋಗ್ಬೇಕಾ? ನನ್ನನ್ನೂ ಕರೀತಿದಾಳೆ, ಹೋದ್ರೆ ನಂಗೆ ಅರ್ಥ ಆಗುತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕಳಿಸಿ ಅಮ್ಮ, ಆದ್ರೆ ನೀವೂ ಹೋಗಿ.

19ನೇ ಶತಮಾನದ ಇಂಗ್ಲೆಂಡಲ್ಲಿ ಗಿಲ್ಬರ್ಟ್ ಮಾತು ಬರೆದೋರು, ಸಲಿವನ್ ಸಂಗೀತ ಕೊಟ್ಟೋರು, ಇಬ್ಬರೂ ಸೇರಿ 14 ಲೈಟ್ ಒಪೆರಾ ಮಾಡಿದ್ರು. ಇವನ್ನ ನೂರಕ್ಕೂ ಹೆಚ್ಚು ವರ್ಷ ಆಡ್ತಾ ಬಂದಿದ್ದ ಡಾಯ್ಲಿ ಕಾರ್ಟ್ ಕಂಪನಿ 1982ರಲ್ಲಿ ಬಾಗಿಲು ಹಾಕ್ತು, ಆಮೇಲೂ ಇವು ಊರೂರಲ್ಲಿ ಉಳಿದಿದ್ರೆ ಅದರಲ್ಲಿ ದೊಡ್ಡ ಪಾಲು ಆಫೀಸು, ಸ್ಕೂಲು, ಆಸ್ಪತ್ರೆ ಕೆಲಸ ಮುಗಿಸಿ ಸಂಜೆ ರಿಹರ್ಸಲ್‌ಗೆ ಬರೋ ಹವ್ಯಾಸಿಗಳದ್ದು. ಅಂಥೋರೇ ದೇಶದೇಶಗಳಿಂದ ಬಂದು ಸೇರೋ ಉತ್ಸವ ಇದು, ಬಕ್ಸ್‌ಟನ್‌ನಲ್ಲಿ 1994ರಲ್ಲಿ ಶುರುವಾಯ್ತು. ಅಲ್ಲಿನ ಒಪೆರಾ ಹೌಸು 1903ರದ್ದು, ಸುಮಾರು 900 ಸೀಟು. ಮುಂದೆ ಕೂತಿರೋರಲ್ಲಿ ಎಷ್ಟೋ ಜನಕ್ಕೆ ಪ್ರತಿ ಸಾಲೂ ಬಾಯಿಪಾಠ, ಎಲ್ಲಿ ನಗಬೇಕು ಅಂತ ಮೊದಲೇ ಗೊತ್ತು, ಅಂಥೋರ ಮುಂದೆ ಹಾಡೋ ಒಂದು ರಾತ್ರಿ ತಮ್ಮೂರಲ್ಲಿ ಹತ್ತು ಆಟ ಆಡಿದ್ರೂ ಸಿಗಲ್ಲ, ಅದಕ್ಕೇ ಕೈಯಿಂದ ಖರ್ಚು ಹಾಕ್ಕೊಂಡು ಹೋಗ್ತಾರೆ.

ಇನ್ನು ‘ಬರೀ ಕೋರಸ್ಸು’ ಅಂದ್ರಲ್ಲ, ಅದನ್ನ ನಾನು ಒಪ್ಪಲ್ಲ. ಈ ನಾಟಕದಲ್ಲಿ ಹೆಂಗಸರ ಕೋರಸ್ ಅಂದ್ರೆ ಮೇಜರ್ ಜನರಲ್‌ನ ಹೆಣ್ಣುಮಕ್ಕಳು. ಅವರಲ್ಲೊಬ್ಬಳು ಮೇಬಲ್, ಅವಳೂ ನಾಯಕ ಫ್ರೆಡ್ರಿಕ್ಕೂ ಪ್ರೇಮದ ಮಾತಾಡೋವಾಗ ಅಕ್ಕತಂಗಿಯರು ಅವರ ಪಾಡಿಗೆ ಅವರನ್ನ ಬಿಟ್ಟು ಆ ಕಡೆ ತಿರುಗಿ ಹವಾಮಾನದ ಬಗ್ಗೆ ಹರಟೆ ಶುರುಮಾಡ್ತಾರೆ. ಹರಟೆ ಎರಡೆಣಿಕೆಯಲ್ಲಿ ಪಟಪಟ ಓಡುತ್ತೆ, ಅದರ ಮೇಲೇನೇ ಮೇಬಲ್ ಮೂರೆಣಿಕೆಯ ವಾಲ್ಟ್ಜ್ ಅನ್ನೋ ಕುಣಿತದ ಲಯದಲ್ಲಿ ತೇಲ್ಕೊಂಡು ಹಾಡ್ತಾಳೆ, ಕೋರಸ್ಸಲ್ಲಿ ಒಬ್ಬಳು ಎಣಿಕೆ ತಪ್ಪಿದ್ರೂ ಎರಡೂ ಕಲಸಿಹೋಗುತ್ತೆ. ನಿಮ್ಮ ಮಗಳ ಕೆಲಸ ಅಷ್ಟು ನಾಜೂಕು.

ಅಮೆರಿಕದೋರು ಇದನ್ನೇ ತಗೊಂಡು ಹೋಗ್ತಿರೋದು ನಂಗಂತೂ ಭಾಳ ಖುಷಿ. ಗಿಲ್ಬರ್ಟ್-ಸಲಿವನ್ನರ ಹಿಂದಿನ ನಾಟಕ ‘ಎಚ್.ಎಂ.ಎಸ್. ಪಿನಾಫೋರ್’ ಅನ್ನ ಅಮೆರಿಕದ ಕಂಪನಿಗಳು ಇವರಿಗೆ ಒಂದು ಕಾಸೂ ಕೊಡದೆ ಆಡಿ ದುಡ್ಡು ಮಾಡಿದ್ವು, ಹಾಗಾಗಿ ಪೈರೇಟ್ಸನ್ನ ಇವರೇ ಹಡಗು ಹತ್ತಿ ಹೋಗಿ 1879ರ ಡಿಸೆಂಬರ್ 31ರಂದು ನ್ಯೂಯಾರ್ಕಲ್ಲಿ ಆಡಿಸಿದ್ರು, ಈಗ ಅಮೆರಿಕದೋರೇ ಅದನ್ನ ಇಂಗ್ಲೆಂಡಿಗೆ ತರ್ತಿದಾರೆ.

ಅರ್ಥ ಆಗುತ್ತಾ ಅಂದ್ರೆ, ನಮ್ಮ ಕಂಪನಿ ನಾಟಕದ ಹಾಗೇ ಮಾತು, ಹಾಡು, ಮತ್ತೆ ಮಾತು. ಕತೆ ಮಾತ್ರ ಮೊದಲೇ ತಿಳ್ಕೊಂಡು ಹೋಗಿ: ಫ್ರೆಡ್ರಿಕ್ 21ನೇ ಹುಟ್ಟುಹಬ್ಬದವರೆಗೆ ಕಡಲ್ಗಳ್ಳರ ಹತ್ರ ಇರ್ಬೇಕು ಅಂತ ಕರಾರು, ಆದ್ರೆ ಅವನು ಹುಟ್ಟಿದ್ದು ಫೆಬ್ರವರಿ 29ಕ್ಕೆ, ಹುಟ್ಟುಹಬ್ಬ ಬರೋದು ನಾಲ್ಕು ವರ್ಷಕ್ಕೊಮ್ಮೆ. ಮೇಜರ್ ಜನರಲ್‌ನ ಹಾಡು ಎಷ್ಟು ಸ್ಪೀಡು ಅಂದ್ರೆ ಇಂಗ್ಲಿಷ್ ಚೆನ್ನಾಗಿ ಬರೋರಿಗೂ ಪೂರ್ತಿ ಸಿಗಲ್ಲ, ಯೂಟ್ಯೂಬಲ್ಲಿ ಒಂದೆರಡು ಸಲ ಕೇಳ್ಕೊಳ್ಳಿ. ಬಕ್ಸ್‌ಟನ್ ಗುಡ್ಡದ ಮೇಲಿರೋ ಊರು, ಆಗಸ್ಟಲ್ಲೂ ಸಂಜೆ ಚಳಿ, ಸ್ವೆಟರ್ ಮರೀಬೇಡಿ. ವೀಸಾಗೆ ಈಗ್ಲೇ ಅರ್ಜಿ ಹಾಕಿ, ಮಗಳ ಆಟದ ಟಿಕೆಟ್ಟನ್ನ ಅವಳ ಕೈಲೇ ಬುಕ್ ಮಾಡಿಸಿ.