ಅರಣ್ಯ ರಕ್ಷಕರಿಗೆ ನರ್ಸರಿ ತರಬೇತಿ: ಎರಡು ದಿನದಲ್ಲಿ ಏನು ಕಲಿಸಬಹುದು?

ಮುಂಬೈ ಪಕ್ಕದ ಠಾಣೆ ನಗರದ ಘೋಡಬಂದರ್ ರಸ್ತೆಯ ನಿಮ್ಮ ವಸತಿ ಸೊಸೈಟಿಯವರು ಹಣ ಕೂಡಿಸಿ, ಯೇವೂರು ಗುಡ್ಡದಂಚಿನ ಪಾಡಾದವರನ್ನು (ಪಾಡಾ ಎಂದರೆ ಆದಿವಾಸಿಗಳ ಹಾಡಿ) ಜೊತೆಗೆ ಸೇರಿಸಿಕೊಂಡು, ಅರಣ್ಯ ರಕ್ಷಕರಿಗೆ ಎರಡು ದಿನದ ನರ್ಸರಿ ತರಬೇತಿ ಕೊಡಿಸಬೇಕೆಂದಿದ್ದೀರಿ. ಏನೇನು ಕಲಿಸಬೇಕು ಎಂದು ಕೇಳಿದ್ದೀರಿ.

ನಾನು ತಜ್ಞನಲ್ಲ. ಕುಮಟಾ ಕಡೆಯವನು, ಬೋರಿವಲಿಯಲ್ಲಿ ನೆಲೆಸಿ ಮೂವತ್ತು ವರ್ಷವಾಯಿತು. ನಿವೃತ್ತಿಯ ನಂತರ ಒಂದು ಸಣ್ಣ ನರ್ಸರಿಯಲ್ಲಿ ಆರು ಮಳೆಗಾಲ ಚೀಲಕ್ಕೆ ಮಣ್ಣು ತುಂಬಿದ್ದೇನೆ. ಆ ಅನುಭವದ ಮೇಲೆ ಹೇಳುವುದಾದರೆ, ಏನು ಕಲಿಸಬೇಕೆನ್ನುವ ಮೊದಲು ಯಾರಿಗೆ ಯಾವುದನ್ನು ಕಲಿಸಬೇಕೆಂದು ನಿಶ್ಚಯಿಸಿ.

ರಕ್ಷಕನಿಗೆ ನೀರು ಹಾಕುವುದನ್ನು ಕಲಿಸಿ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಸಸಿಗೆ ದಿನವೂ ನೀರು ಬೇಕು. ಆತನಿಗೆ ಅದೇ ಬೇಸಿಗೆಯಲ್ಲಿ ಹುಲ್ಲಿಗೆ ಬೀಳುವ ಬೆಂಕಿ, ರಾತ್ರಿ ಗಸ್ತು, ಯಾವುದೋ ಕಟ್ಟಡದ ಹಿಂದೆ ಚಿರತೆ ಕಂಡಿತೆಂಬ ಫೋನು. ಅಷ್ಟರಲ್ಲಿ ವರ್ಗವೂ ಆಗಿಬಿಡುತ್ತದೆ. ಆದರೆ ನಮ್ಮಲ್ಲಿ ಯಾರಿಗೂ ಇಲ್ಲದ ಒಂದು ಅನುಕೂಲ ಆತನಿಗಿದೆ. ಅವೇ ಕಾಲುದಾರಿಗಳಲ್ಲಿ ವರ್ಷವಿಡೀ ತಿರುಗುತ್ತಾನೆ. ಯಾವ ತಿರುವಿನಲ್ಲಿ ಯಾವ ಮತ್ತಿ ಮರ ಚೆನ್ನಾಗಿ ಕಾಯಿ ಬಿಡುತ್ತದೆ, ಯಾವ ಕಕ್ಕೆಯ ಕೋಡು ಎಂದಿಗೆ ಕಪ್ಪಾಗುತ್ತದೆ ಎಂಬುದು ಆತನ ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಅದನ್ನು ಬರೆದಿಡುವುದನ್ನು ಕಲಿಸಿ. ಒಂದು ಪಟ್ಟಿ ಪುಸ್ತಕ, ಒಂದು ಪೆನ್ನು ಸಾಕು. ಒಂದೇ ಮರದ ಬೀಜವನ್ನೆಲ್ಲ ಬಳಿದು ತರಬಾರದು, ದೂರ ದೂರದ ಹಲವು ತಾಯಿಮರಗಳಿಂದ ಸ್ವಲ್ಪ ಸ್ವಲ್ಪ ಆಯಬೇಕು ಎಂಬುದನ್ನೂ ಹೇಳಿ. ಅಂದ ಹಾಗೆ, ಇಲ್ಲಿ ಮರಾಠಿಯಲ್ಲಿ ಮತ್ತಿಗೆ ಐನ್, ಕಕ್ಕೆಗೆ ಬಹಾವಾ, ಮುತ್ತುಗಕ್ಕೆ ಪಳಸ್ ಎನ್ನುತ್ತಾರೆ. ನಾನು ಮೊದಲ ವರ್ಷವೆಲ್ಲ ಹೆಸರುಗಳಲ್ಲೇ ಎಡವಿದೆ.

ಆಮೇಲೆ ಎಡವಿದ್ದು ಬೀಜದಲ್ಲಿ. ಮುರುಗಲ, ಅಂದರೆ ಕೋಕಂ, ಹಣ್ಣಿನ ಸಿಪ್ಪೆಯನ್ನು ನಮ್ಮ ಮನೆಯಲ್ಲಿ ಹೇಗೆ ಒಣಗಿಸುತ್ತಿದ್ದರೋ ಹಾಗೆಯೇ ಅದರ ಬೀಜವನ್ನೂ ತಾರಸಿಯ ಮೇಲೆ ಹತ್ತು ದಿನ ಒಣಗಿಸಿದೆ. ನಾನೂರು ಚೀಲದಲ್ಲಿ ಬಿತ್ತಿದೆ. ಒಂದೂ ಏಳಲಿಲ್ಲ. ಪಾಡಾದ ಅಜ್ಜಿಯೊಬ್ಬರು ನಕ್ಕು, 'ಕೋಕಮಾಚೀ ಬೀ ಓಲೀಚ್ ಲಾವಾಯ್ಚೀ' ಎಂದರು. ಹಸಿಯಿರುವಾಗಲೇ ಊರಬೇಕು, ತಿರುಳು ತೊಳೆದ ಕೂಡಲೇ; ಒಣಗಿದರೆ ಒಳಗಿನ ಜೀವ ಹೋಯಿತು. ತೇಗದ ಕಾಯಿಯದು ಇದಕ್ಕೆ ನೇರ ವಿರುದ್ಧ. ಒಂದೆರಡು ವಾರ ರಾತ್ರಿ ನೀರಿನಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರಡಿದರೆ ಮಾತ್ರ ಅದಕ್ಕೆ ಎಚ್ಚರ. ಕಕ್ಕೆಯ ಬೀಜದ ಹೊದಿಕೆಯನ್ನಂತೂ ತುಸು ಉಜ್ಜದೆ ನೀರು ಒಳಗಿಳಿಯುವುದೇ ಇಲ್ಲ. ತರಬೇತಿಯಲ್ಲಿ ಚಿತ್ರ ತೋರಿಸಬೇಡಿ, ಈ ಮೂರೂ ಬೀಜಗಳನ್ನು ಕೈಗೆ ಕೊಡಿ.

ಇನ್ನೊಂದು ಕಲಿಸಬೇಕಾದದ್ದು ಬೇರು. ಎರಡು ವರ್ಷ ಚೀಲದಲ್ಲೇ ಉಳಿದ, ಸೊಂಟದೆತ್ತರದ, ನೋಡಿದರೆ ಆಸೆಯಾಗುವಂಥ ಸಸಿಯೊಂದನ್ನು ತಂದು ಎಲ್ಲರೆದುರು ಬ್ಲೇಡಿನಿಂದ ಚೀಲ ಸೀಳಿ. ತಳದಲ್ಲಿ ಬೇರು ಚಕ್ಕುಲಿಯಂತೆ ಸುತ್ತಿಕೊಂಡಿರುತ್ತದೆ. ಅದನ್ನು ನೆಟ್ಟರೆ ಮಳೆಗಾಲವಿಡೀ ಹಸಿರಾಗಿಯೇ ಇದ್ದು ನಮ್ಮನ್ನು ನಂಬಿಸುತ್ತದೆ. ಬೇರು ಆಳಕ್ಕಿಳಿಯದ ಕಾರಣ, ಗುಡ್ಡದ ಮೇಲ್ಮಣ್ಣು ಆರಿದ ಮಾರ್ಚಿನಲ್ಲಿ ಕಡ್ಡಿಯಾಗುತ್ತದೆ. ಒಂದೂವರೆ ಎರಡು ತಿಂಗಳಿಗೊಮ್ಮೆ ಚೀಲದ ಜಾಗ ಬದಲಿಸಬೇಕು, ತಳದಿಂದ ನೆಲಕ್ಕಿಳಿದ ಬೇರನ್ನು ಕತ್ತರಿಸಬೇಕು. ಟ್ರಕ್ಕಿನಿಂದ ಸಸಿ ಇಳಿಸಿಕೊಳ್ಳುವ ರಕ್ಷಕನಿಗೆ ಇದು ಗೊತ್ತಿದ್ದರೆ 'ಇದು ಬೇಡ' ಎನ್ನುವ ಧೈರ್ಯ ಬರುತ್ತದೆ.

ನೀರಿನ ಕೆಲಸ ಪಾಡಾದ ಹೆಂಗಸರಿಗಿರಲಿ, ಆದರೆ ಕೂಲಿ ಕೊಟ್ಟು. ಸಮುದಾಯದ ಸಹಭಾಗಿತ್ವ ಎಂಬ ಮಾತಿನ ಮರೆಯಲ್ಲಿ ಬಿಟ್ಟಿ ಚಾಕರಿ ಮಾಡಿಸುವುದನ್ನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಅಂಕೋಲೆಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಊರೆಲ್ಲ ಕೊಂಡಾಡಿತು, ಕೂಲಿಯ ವರ್ಷಗಳನ್ನು ಯಾರೂ ಲೆಕ್ಕ ಹಾಕಲಿಲ್ಲ. ನಿಮ್ಮ ತರಬೇತಿಗೆ ಉಪನ್ಯಾಸಕರನ್ನು ಹುಡುಕುತ್ತಿದ್ದರೆ ಪಾಡಾದಲ್ಲೇ ಹುಡುಕಿ.

ಮಿಕ್ಕದ್ದು ಸುಲಭ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ. ಬೆರಳು ಊರಿ ನೋಡಿ, ಒಣಗಿದ್ದರೆ ಮಾತ್ರ ನೀರು. ಎಳೆ ಸಸಿಗಳ ಬುಡ ಕೊಳೆಯುವುದು ಹೆಚ್ಚಾಗಿ ನಮ್ಮ ಅತಿ ಪ್ರೀತಿಯಿಂದಲೇ. ಮೇ ತಿಂಗಳಲ್ಲಿ ನೆರಳನ್ನೂ ನೀರನ್ನೂ ಹಂತಹಂತವಾಗಿ ಕಡಿಮೆ ಮಾಡಿ, ಜೂನಿನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಆಗಸ್ಟ್ 15ರ ಫೋಟೋಗಾಗಿ ಕಾದು ನೆಟ್ಟರೆ ಅರ್ಧ ಮಳೆ ಆಗಲೇ ಕಳೆದಿರುತ್ತದೆ. ಯೇವೂರು ಗುಡ್ಡವೂ ಸೇರಿದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಒಳಗಿನಿಂದ ಬೀಜ ಆಯುವುದಕ್ಕೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಬೇಕು, ಅದನ್ನು ಬರಹದಲ್ಲೇ ಪಡೆಯಿರಿ.

ಎರಡು ದಿನವನ್ನು ಬೆನ್ನುಬೆನ್ನಿಗೆ ಇಡಬೇಡಿ. ಒಂದನ್ನು ಏಪ್ರಿಲ್ ಕೊನೆಯಲ್ಲಿ, ಬೀಜದ ಹೊತ್ತಿಗೆ ಇಡಿ. ಇನ್ನೊಂದನ್ನು ನೆಟ್ಟ ಮರುವರ್ಷದ ಮಾರ್ಚಿಗೆ. 2019ರಲ್ಲಿ ಮಹಾರಾಷ್ಟ್ರ ಸರ್ಕಾರ 33 ಕೋಟಿ ಸಸಿ ನೆಡುವ ಗುರಿ ಇಟ್ಟುಕೊಂಡಿತ್ತು. ಗುಂಡಿಯಲ್ಲಿಟ್ಟ ದಿನದ ಲೆಕ್ಕ ಯಾರಿಗಾದರೂ ಸಿಗುತ್ತದೆ, ನಿಮಗೆ ಬೇಕಾದದ್ದು ಮಾರ್ಚಿನ ಲೆಕ್ಕ. ಅಂದು ರಕ್ಷಕರು, ಪಾಡಾದವರು, ನಿಮ್ಮ ಸೊಸೈಟಿಯವರು ಒಟ್ಟಿಗೆ ಗುಡ್ಡ ಹತ್ತಿ, ಸತ್ತ ಸಸಿಗಳನ್ನು ಅಗೆದು ತೆಗೆದು, ಬೇರು ಹೇಗಿತ್ತೆಂದು ಒಂದೊಂದಾಗಿ ನೋಡಿ. ಬೆಳಿಗ್ಗೆ ಏಳಕ್ಕೇ ಶುರು ಮಾಡಿ, ಹತ್ತರ ನಂತರ ಬಿಸಿಲು ತಡೆಯಲಾಗುವುದಿಲ್ಲ. ಊಟದ ಪೊಟ್ಟಣ ಪೇಟೆಯಿಂದ ತರಿಸಬೇಡಿ. ಪಾಡಾದಲ್ಲೇ ಅಡುಗೆಗೆ ಹೇಳಿ, ಅದಕ್ಕೂ ದುಡ್ಡು ಕೊಡಿ.