ಫ್ಯಾಂಟಸಿ ಕಾದಂಬರಿ ಬರೆದು ಮುಗಿಸಿದೆ (ನಾಯಕ ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲ, ಮೂರು ಸಲ ಮಾತ್ರ; ಸತ್ತ ಅವನ ಅಪ್ಪ ಕಟ್ಟುನಿಟ್ಟಿನ ಸೇನಾಪತಿ), ತಿದ್ದಲು ಕೂತರೆ ಬರೀ ತೂತುಗಳೇ ಕಾಣುತ್ತವೆ, ಒಂದು ಸಾಲೂ ಮುಂದೆ ಹೋಗುತ್ತಿಲ್ಲ. ಸ್ಫೂರ್ತಿಯನ್ನು ಮತ್ತೆ ತರುವುದು ಹೇಗೆ?

ನಿಮ್ಮ ನಾಯಕ ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲ, ಆದರೆ "ಮೂರು ಸಲ ಮಾತ್ರ" ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನಿಮ್ಮ ಹಸ್ತಪ್ರತಿಯ ಗತಿ ಏನಾಗಿದೆ ಅಂತ ಅಂದಾಜಾಯ್ತು. ಮೊದಲ ಕರಡಿನಲ್ಲಿ ಈ ಮಿತಿ ಇರಲಿಲ್ಲ, ಹೌದಲ್ರಿ? ಯಾರೋ ಓದಿದರು, "ಹಂಗಾದ್ರೆ ಸತ್ತ ಅಪ್ಪನನ್ನ ಯಾಕೆ ಉಳಿಸಿಕೊಳ್ಳಲಿಲ್ಲ" ಅಂದರು, ನೀವು ಆಮೇಲೆ ಸೇರಿಸಿದಿರಿ. ಇದನ್ನೇ ಮಾಡಿ ನಾನು ಒಂದು ಕಾದಂಬರಿಯನ್ನು ಹೆಚ್ಚುಕಡಿಮೆ ಮಣ್ಣು ಮಾಡಿದ್ದೆ.

ನಾನು ಗದಗಿನವಳು. ಬೆಟಗೇರಿಯಲ್ಲಿ ಮನೆ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್ಕು, ಪುರಾಣ ಪ್ರವಚನದ ಹ್ಯಾಂಡ್‌ಬಿಲ್ಲು. ದಿನವಿಡೀ ಮಂದಿಯ ಕಾಗುಣಿತ ತಿದ್ದಿ ಪಗಾರ ತಗೊಳ್ಳುವವಳು.

ನನ್ನ ಕತೆ ಹುಟ್ಟಿದ್ದು ಲಕ್ಕುಂಡಿಯಲ್ಲಿ. ನಮ್ಮೂರಿಂದ ಸುಮಾರು 12 ಕಿಲೋಮೀಟರ್. (ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು. ಈಗ ಬದುಕಿದ್ದರೆ ನಮ್ಮ ಮಾಲಕರು ಆಕೆಗೆ ಕುರ್ಚಿ ಹಾಕಿ ಚಹಾ ಕೊಡುತ್ತಿದ್ದರು, ಅಂಥ ಆರ್ಡರ್ ಈಗ ಯಾರೂ ಕೊಡೋದಿಲ್ಲ.) ಲಕ್ಕುಂಡಿಗೆ ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಮಾತಿದೆ. ಆ ಬಾವಿಗಳೆಲ್ಲ ನೆಲದಡಿ ಒಂದಕ್ಕೊಂದು ಕೂಡಿಕೊಂಡಿದ್ದರೆ? ಒಂದರಲ್ಲಿ ಮುಳುಗಿ ಇನ್ನೊಂದರಲ್ಲಿ ಏಳುವ ವಿದ್ಯೆ ಒಬ್ಬಳಿಗೆ ಮಾತ್ರ ಗೊತ್ತಿದ್ದರೆ? ಆಕೆಯೇ ನೀಲವ್ವ. ಲಕ್ಕುಂಡಿಯ ಹಳೆಯ ಹೆಸರು ಲೊಕ್ಕಿಗುಂಡಿ, ಆಗ ಅಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು, ಅದನ್ನೂ ಕತೆಗೆ ಎಳೆದುಕೊಂಡೆ. ಟಂಕಸಾಲೆಯವರು ನೀಲವ್ವನ ತಮ್ಮನನ್ನು ಹಿಡಿದೊಯ್ಯುತ್ತಾರೆ, ಅವನು ಅಲ್ಲೇ ಸಾಯುತ್ತಾನೆ, ಆಕೆ ಸೇಡು ತೀರಿಸಿಕೊಳ್ಳುತ್ತಾಳೆ. ಬರೆಯುವಾಗ ಎಂಥ ಹುರುಪು ಅಂತೀರಿ!

ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಕಾಕಾ ಒಬ್ಬರಿದ್ದಾರೆ. ಅಚ್ಚಾದ ದೊಡ್ಡ ಹಾಳೆ (ಫಾರ್ಮು) ಮಡಚುತ್ತಾ ಎಲ್ಲವನ್ನೂ ಓದಿಬಿಡುತ್ತಾರೆ, ತಲೆಕೆಳಗಾಗಿದ್ದರೂ. ಅವರಿಗೆ ಪ್ರಿಂಟ್ ತೆಗೆದು ಕೊಟ್ಟೆ. ಓದಿ ಮುಗಿಸಿ ಒಂದೇ ಮಾತು ಕೇಳಿದರು: "ಅಲ್ಲವಾ ತಂಗಿ, ಟಂಕಸಾಲಿ ಅಂಗಳದಾಗ ಬಾವಿ ಐತಿ ಅಂತ ನೀನ ಬರದಿ. ಹುಡುಗ ಅಲ್ಲೇ ಒಳಗ ಅದಾನ. ಅಕಿ ಮುಳುಗಿ ಹೋಗಿ ಕರಕೊಂಡ ಬರಬೇಕಿತ್ತಲಾ, ಯಾಕ ಹೋಗಲಿಲ್ಲ?"

ಇಲ್ಲಿಂದ ನಾನು ಮಾಡಿಕೊಂಡದ್ದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬ್ಯಾಸರ ಮಾಡಿಕೊಳ್ಳಬೇಡಿ.

ಅವತ್ತು ರಾತ್ರಿಯೇ ಒಂದು ನಿಯಮ ಸೇರಿಸಿದೆ: ಬಾವಿಯ ದಾರಿ ತೆರೆಯುವುದು ಅಮಾವಾಸ್ಯೆಗೆ ಮಾತ್ರ. ಆದರೆ ಮುಂದೆ ನೀಲವ್ವ ಹುಣ್ಣಿಮೆಯ ಜಾತ್ರೆಯ ದಿನ ಬಾವಿಗೆ ಹಾರಿ ತಪ್ಪಿಸಿಕೊಳ್ಳುವ ಪ್ರಸಂಗವಿತ್ತು, ನನಗೆ ಬಹಳ ಇಷ್ಟದ್ದು, ಬಿಡಲು ಮನಸ್ಸಾಗಲಿಲ್ಲ. ಅದಕ್ಕೆ, ಬಾಯಲ್ಲಿ ಬಂಗಾರದ ನಾಣ್ಯ ಇಟ್ಟುಕೊಂಡರೆ ಯಾವಾಗ ಬೇಕಾದರೂ ಹೋಗಬಹುದು ಅಂತ ಮಾಡಿದೆ. ಒಪ್ಪತ್ತು ಉಣ್ಣುವ ಮನೆಯ ಹುಡುಗಿಗೆ ಬಂಗಾರ ಎಲ್ಲಿಂದ ಬಂತು? ಕೊಡಲಿಕ್ಕೆ ಒಬ್ಬ ಅಜ್ಜನನ್ನು ತಂದೆ. ಅಜ್ಜನಿಗೆ ಎಲ್ಲ ಗೊತ್ತಿತ್ತು ಅಂದಮೇಲೆ ಅವನೇ ಯಾಕೆ ಹುಡುಗನನ್ನು ಬಿಡಿಸಲಿಲ್ಲ? ಅಜ್ಜನಿಗೆ ಶಾಪ ಕೊಟ್ಟೆ. ಶಾಪ ಕೊಟ್ಟವರು ಯಾರು? ಅದಕ್ಕೊಂದು ಅಧ್ಯಾಯ. ನೀಲವ್ವ ಎರಡು ಮಾತಾಡಬೇಕಾದಲ್ಲೆಲ್ಲ ಈ ಅಜ್ಜ ಬಂದು ಉಪದೇಶ ಮಾಡತೊಡಗಿದ. ನನ್ನ ಕತೆಯೊಳಗೆ ನನಗೇ ಕಾಲಿಡಲು ಜಾಗ ಉಳಿಯಲಿಲ್ಲ.

ನಿಯಮ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮಾಯೆಯ ಕತೆಗೆ ಕಟ್ಟುಪಾಡು ಬೇಕೇ ಬೇಕು. ಆದರೆ ಆ ನಿಯಮಗಳು ನೀಲವ್ವನ ಬದುಕಿನಿಂದ ಬಂದವಲ್ಲ, ಕಾಕಾನ ಬಾಯಿ ಮುಚ್ಚಿಸಲು ಬಂದವು. ಕಾಕಾ ಕೇಳಿದ್ದು "ಯಾಕ ಹೋಗಲಿಲ್ಲ" ಅಂತ. ನಾನು ಉತ್ತರ ಕೊಟ್ಟದ್ದು "ಹೋಗಲು ಯಾಕೆ ಬರುತ್ತಿರಲಿಲ್ಲ" ಅನ್ನುವುದಕ್ಕೆ. ಎರಡೂ ಒಂದೇ ಅಂದುಕೊಂಡಿದ್ದೆ. ಹೋಗಲು ಬಾರದಂತೆ ದಾರಿ ಮುಚ್ಚಿದರೆ ಆಕೆ ತಪ್ಪಿನಿಂದ ಪಾರಾಗುತ್ತಾಳೆ, ಜೊತೆಗೆ ಕತೆಯಿಂದಲೂ ಪಾರಾಗುತ್ತಾಳೆ. ಆಕೆ ಮನಸ್ಸು ಮಾಡಬೇಕಾದ ಒಂದೇ ಒಂದು ಗಳಿಗೆಯನ್ನು ನಾನು ಅಮಾವಾಸ್ಯೆಯ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದೆ.

ಇದರ ಬೆಲೆಯೂ ತೆತ್ತೆ. ಧಾರವಾಡದ ಪ್ರಕಾಶಕರೊಬ್ಬರು ಮೊದಲ ಮೂರು ಅಧ್ಯಾಯ ಓದಿ, ಪೂರ್ತಿ ಕಳಿಸಿ ಅಂದಿದ್ದರು. ತೇಪೆ ಹಚ್ಚಿದ ಪ್ರತಿ ಕಳಿಸಿದೆ. "ಇದು ಕಾದಂಬರಿಯೋ ಕಾಯ್ದೆ ಪುಸ್ತಕವೋ?" ಅಂತ ವಾಪಸು ಬಂತು. ಸಿಟ್ಟಿಗೆ ಫೈಲನ್ನು ತೆರೆಯುವುದನ್ನೇ ಬಿಟ್ಟೆ. ನೀವೀಗ "ಸ್ಫೂರ್ತಿ ಹೋಗಿದೆ" ಅನ್ನುತ್ತೀರಲ್ಲ, ನಾನೂ ಊರ ತುಂಬ ಹಾಗೇ ಹೇಳಿಕೊಂಡು ತಿರುಗಿದೆ.

ಅಳಿಸಬಹುದಿತ್ತಲ್ಲ ಅಂತೀರಿ. ಗದಗಿನಲ್ಲಿ ಹುಟ್ಟಿದವರಿಗೆ ಅದೊಂದು ತ್ರಾಸು. ವೀರನಾರಾಯಣನ ಗುಡಿಗೆ ಹೋದಾಗಲೆಲ್ಲ ಕುಮಾರವ್ಯಾಸನ ಕಂಬ ತೋರಿಸುತ್ತಾರೆ. ಮಿಂದು ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂತು, ಬಟ್ಟೆ ಆರುವ ತನಕ ಭಾರತ ಹೇಳುತ್ತಿದ್ದ ಅನ್ನುವುದು ಐತಿಹ್ಯ. ಮೇಲೆ ಅವನದೇ ಮಾತು, "ಪದವಿಟ್ಟಳುಪದೊಂದಗ್ಗಳಿಕೆ". ಇಟ್ಟ ಪದವನ್ನು ಅಳಿಸದ ಹೆಗ್ಗಳಿಕೆ ಅಂತ ಕನ್ನಡ ಸರ್ ಪಾಠ ಮಾಡಿದ್ದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಅದೇ ಪದ್ಯದ ಕೊನೆಗೆ ಈ ಬಲುಹು ಗದುಗಿನ ವೀರನಾರಾಯಣನ ಕಿಂಕರನಿಗೆ ಅಂತಲೂ ಇದೆ, ಡಿಟಿಪಿ ಆಪರೇಟರಿಗೆ ಅಂತ ಇಲ್ಲ. ನನಗೆ ಕೊಟ್ಟಿರುವುದು ಡಿಲೀಟ್ ಬಟನ್ನು.

ತೇಪೆಯ ಪ್ರತಿಯನ್ನೂ ಕಾಕಾ ಓದಿದ್ದರು. ಒಂದು ದಿನ ಅಂಟು ಕಾಯಿಸುತ್ತಾ ತಾವೇ ತೆಗೆದರು: "ಅಮಾಸಿ ಅಂತಿ, ಬಂಗಾರ ಅಂತಿ. ನಾ ಕೇಳಿದ್ದು ಅದಲ್ಲವಾ. ಅಕಿಗೆ ಹೋಗೂ ಮನಸ್ಸರೆ ಇತ್ತೋ ಇಲ್ಲೋ?"

ಮನೆಗೆ ಬಂದು ಹಳೇ ಕರಡು ತೆರೆದೆ. ಎರಡನೇ ಅಧ್ಯಾಯದಲ್ಲಿ, ಸುಮ್ಮನೆ ಮನೆ ತೋರಿಸಲಿಕ್ಕಂತ ಬರೆದ ಒಂದು ಸಾಲಿತ್ತು: ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ ಬರುವ ಅವ್ವನ ಕೈ ತಮ್ಮನ ತಾಟಿನ ತನಕ ಬಂದು ನಿಲ್ಲುತ್ತಿತ್ತು, ನೀಲವ್ವನ ರೊಟ್ಟಿ ಒಣಾ. ಬರೆದವಳಿಗೇ ನೆನಪಿರಲಿಲ್ಲ. ಉತ್ತರ ಅಲ್ಲೇ ಬಿದ್ದಿತ್ತು.

ಅಜ್ಜ, ನಾಣ್ಯ, ಅಮಾವಾಸ್ಯೆ, ಶಾಪ ಎಲ್ಲ ತೆಗೆದೆ. ಒಂದು ಹೊಸ ಪ್ರಸಂಗ ಬರೆದೆ. ಲಕ್ಕುಂಡಿಯ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ ನೋಡಿದ್ದರೆ ನಿಮಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಮೆಟ್ಟಿಲು ಇಳಿಯುತ್ತಾ ಹೋದರೆ ಗೋಡೆಯಲ್ಲಿ ಪುಟ್ಟ ಗುಡಿಗಳಂಥ ಗೂಡುಗಳು, ಕೆಳಗೆ ಹಸಿರುಗಟ್ಟಿದ ನೀರು. ನೀಲವ್ವ ಅಲ್ಲಿಗೆ ಹೋಗುತ್ತಾಳೆ. ಮೊಣಕಾಲ ತನಕ ನೀರಿಗಿಳಿಯುತ್ತಾಳೆ. ದಾರಿ ತೆರೆದೇ ಇದೆ, ಒಂದು ಸಲ ಉಸಿರು ಕಟ್ಟಿದರೆ ಸಾಕು. ಸೀರೆಯ ಅಂಚು ಹಿಂಡಿಕೊಂಡು ಮನೆಗೆ ಬರುತ್ತಾಳೆ, "ಬಾವಿ ಬತ್ತೇತಿ" ಅಂತ ಅವ್ವನಿಗೆ ಸುಳ್ಳು ಹೇಳುತ್ತಾಳೆ. ಆಮೇಲಿನ ಸೇಡಿನ ಕತೆಯಲ್ಲಿ ನಾನು ಹೆಚ್ಚೇನೂ ಬದಲಿಸಲಿಲ್ಲ, ಆದರೆ ಈಗ ಆಕೆ ಯಾರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಅನ್ನುವುದೇ ಬೇರೆಯಾಯಿತು. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ, ಬರವಣಿಗೆ ಮಾತ್ರ ನಿಂತಿಲ್ಲ.

ಹಾಗಾಗಿ ಸ್ಫೂರ್ತಿ ತರುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀವೇ ನಂಬದ ಸಮಜಾಯಿಷಿಯನ್ನು ಚಂದ ಮಾಡಲು ಕೂತಿದ್ದೀರಿ, ಕೈ ಓಡದಿರುವುದು ಅದಕ್ಕೇ, ನಿಮ್ಮ ಕೈಗೆ ನಿಮಗಿಂತ ಬುದ್ಧಿ ಇದೆ. ನಕ್ಷೆ ಬರೆಯುವುದು, ರಾಜವಂಶದ ಪಟ್ಟಿ ಮಾಡುವುದು ಇವೆಲ್ಲ ಈಗ ಬೇಡ, ಕೆಲಸ ಮಾಡಿದಂತೆ ಅನ್ನಿಸುತ್ತದೆ ಅಷ್ಟೇ. ಫೈಲಿನಲ್ಲಿ "ಏಕೆಂದರೆ" ಅಂತ ಹುಡುಕಿ. (ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದರೆ ಮೊದಲು ಯುನಿಕೋಡಿಗೆ ತನ್ನಿ, ಒತ್ತಕ್ಷರ ಕೆಡಬಹುದು, ನೋಡಿಕೊಳ್ಳಿ.) ನನ್ನ ಫೈಲಿನಲ್ಲಿ ಆ ಪದ ಸಿಕ್ಕಲ್ಲೆಲ್ಲ ಒಂದು ತೇಪೆ ಇತ್ತು. ಓದಲು ಐದಾರು ಜನಕ್ಕೆ ಕೊಡಬೇಡಿ, ಒಬ್ಬರಿಗೆ ಕೊಡಿ. ಸಲಹೆ ಕೊಡುವವರಿಗಲ್ಲ, ಪ್ರಶ್ನೆ ಕೇಳಿ ಸುಮ್ಮನಾಗುವವರಿಗೆ.

ನಿಮ್ಮ ನಾಯಕನ ಅಪ್ಪನ ಬಗ್ಗೆ ನೀವು ಬರೆದಿರುವುದು "ಕಟ್ಟುನಿಟ್ಟಿನ ಸೇನಾಪತಿ" ಅನ್ನುವ ಎರಡೇ ಪದ. "ಮೂರು ಸಲ ಮಾತ್ರ" ತೆಗೆದುಹಾಕಿ, ಎಷ್ಟು ಸಲ ಬೇಕಾದರೂ ತಿರುಗಿಸಲಿ ಬಿಡಿ. ಆಮೇಲೆ ಮೊದಲ ಅಧ್ಯಾಯಕ್ಕೆ ಹೋಗಿ ಅಪ್ಪ ಮಗ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡರು ಅಂತ ಓದಿ ನೋಡ್ರಿ. ಏನೂ ಮಾತಾಡಿರದಿದ್ದರೆ ಇನ್ನೂ ಚಲೋ.